ಬದುವಿನ ಲೆಕ್ಕ

ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ, ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿರುವ ಯಾವುದಾದರೊಂದು ಬಂಡೆಗುಡ್ಡವನ್ನು ಹತ್ತಿ ನೋಡಿರಿ. ರಾಗಿ ಕೊಯ್ದ ಹೊಲಗಳು ಬರಿದಾಗಿ, ನೆಲದ ಮೈಯ ಮೇಲೆ ಎಳೆದ ಗೆರೆಗಳು ಸ್ಪಷ್ಟವಾಗಿ ಕಾಣುವುವು. ಕೆಲವು ಹೊಲಗಳು ಅಗಲವಾಗಿ ಹಾಸಿದ ಜಮಖಾನೆಯಂತೆ ಇರುವುವು. ಕೆಲವು ಉದ್ದಕ್ಕೆ ಹರಿದ ಪಂಚೆಯ ಅಂಚಿನಂತೆ ಇರುವುವು. ಈ ಗೆರೆಗಳೇ ಬದುಗಳು. ಬದುವು ಎರಡು ಅಡಿ, ಹೆಚ್ಚೆಂದರೆ ಮೂರು ಅಡಿ ಅಗಲದ ಮಣ್ಣಿನ ದಿಣ್ಣೆ. ಅದರ ಮೇಲೆ ಹುಲ್ಲು ಬೆಳೆಯುವುದಲ್ಲದೆ ರಾಗಿ ಬೆಳೆಯುವುದಿಲ್ಲ. ಆದರೂ ಈ ದಿಣ್ಣೆಗಾಗಿ ಒಡಹುಟ್ಟಿದವರು ಮಾತು ಬಿಟ್ಟಿರುವುದುಂಟು. ನ್ಯಾಯಾಲಯದ ಮೆಟ್ಟಿಲನ್ನು ಹತ್ತಿರುವುದೂ ಉಂಟು.

ಆಯತದ ಸುತ್ತಳತೆಯನ್ನು ಕಂಡುಹಿಡಿಯುವ ಸೂತ್ರವನ್ನು ನೀವು ಕೆಳಗಿನ ತರಗತಿಯಲ್ಲಿಯೇ ಕಲಿತಿದ್ದೀರಿ. ಉದ್ದವನ್ನೂ ಅಗಲವನ್ನೂ ಕೂಡಿಸಿ ಎರಡರಿಂದ ಗುಣಿಸಿದರೆ ಸುತ್ತಳತೆ. ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ. ಇಷ್ಟು ಸುಲಭವಾದುದನ್ನು ಒಂಬತ್ತನೆಯ ತರಗತಿಯಲ್ಲಿ ಮತ್ತೆ ಏಕೆ ಎತ್ತಬೇಕೆಂದು ನೀವು ಕೇಳಬಹುದು. ಸೂತ್ರವು ಸುಲಭವೇ ಸರಿ. ಆದರೆ ಈ ಎರಡು ಅಳತೆಗಳು ಒಂದರ ಹಿಂದೆ ಒಂದು ತಪ್ಪದೆ ನಡೆಯುವ ಜೋಡೆತ್ತುಗಳೆಂದು ನಾವು ತಿಳಿಯದೆಯೇ ನಂಬಿಬಿಡುತ್ತೇವೆ. ಸುತ್ತಳತೆ ಹೆಚ್ಚಾದರೆ ವಿಸ್ತೀರ್ಣವೂ ಹೆಚ್ಚು, ವಿಸ್ತೀರ್ಣ ಸಮನಾದರೆ ಸುತ್ತಳತೆಯೂ ಸಮ ಎಂದು ಭಾವಿಸುತ್ತೇವೆ. ಹೊಲದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ.

ನಮ್ಮ ಹಿಂದಿನವರು ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದರೆಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 10ನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು, ಅದು 1905ರಲ್ಲಿ ಪ್ರಕಟವಾಯಿತು. ಹಳೆಯ ದಾನಶಾಸನಗಳಲ್ಲಿ ಕೊಟ್ಟ ಭೂಮಿಯ ಪ್ರಮಾಣವನ್ನು ಖಂಡುಗ, ಕೊಳಗಗಳಲ್ಲಿ ಹೇಳುವುದು ವಾಡಿಕೆ. ಇವು ಧಾನ್ಯವನ್ನು ಅಳೆಯುವ ಮಾನಗಳು. ಒಂದು ಖಂಡುಗ ಬೀಜವನ್ನು ಬಿತ್ತಬಹುದಾದ ನೆಲವೇ ಒಂದು ಖಂಡುಗ ನೆಲ. ಇದು ಒಳಗನ್ನು ಅಳೆಯುವ ರೀತಿ. ಅದೇ ಶಾಸನಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಗಳನ್ನೂ ಹೇಳುವರು: ಮೂಡಲಿಗೆ ಕೆರೆ, ತೆಂಕಲಿಗೆ ಬಂಡೆ, ಪಡುವಲಿಗೆ ಹುಣಸೆಯ ಮರ ಎಂಬಂತೆ ಗುರುತುಗಳು ಸಾಗುವುವು. ಇದು ಸುತ್ತನ್ನು ಕಾಯುವ ರೀತಿ. ಒಂದನ್ನು ಹೇಳಿದ ಮಾತ್ರಕ್ಕೆ ಇನ್ನೊಂದನ್ನು ಹೇಳಿದಂತಾಗಲಿಲ್ಲ ಎಂಬುದನ್ನು ಆ ಶಾಸನಗಳನ್ನು ಬರೆಸಿದವರು ಬಲ್ಲವರಾಗಿದ್ದರು.

ಬೀಜದ ಅಳತೆಯ ಸ್ಥಾನಕ್ಕೆ ಮುಂದೆ ಸರಪಳಿಯು ಬಂದಿತು. ಎಡ್ಮಂಡ್ ಗುಂಟರ್ ಎಂಬ ಆಂಗ್ಲ ಗಣಿತಜ್ಞನು 17ನೆಯ ಶತಮಾನದ ಮೊದಲ ಭಾಗದಲ್ಲಿ 66 ಅಡಿ ಉದ್ದದ ಸರಪಳಿಯನ್ನು ಬಳಕೆಗೆ ತಂದನು. ನಮ್ಮ ಭಾಗದ ಮೋಜಣಿಯಲ್ಲಿ ರೂಢಿಯಾದುದು ಅದರ ಅರ್ಧ, ಅಂದರೆ 33 ಅಡಿಯ ಸರಪಳಿ. ಈ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿದ್ದಾರೆ. ರೂಪಾಯಿಗೆ ಹದಿನಾರಾಣೆಯಿದ್ದ ಕಾಲದ ಲೆಕ್ಕವದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1089 ಚದರಡಿ. ಇಂಥ 40 ಗುಂಟೆಗಳು ಸೇರಿದರೆ 43,560 ಚದರಡಿ, ಅಂದರೆ ಒಂದು ಎಕರೆ. ಮೆಟ್ರಿಕ್ ಮಾನಗಳನ್ನು ದೇಶದಲ್ಲೆಲ್ಲ ಜಾರಿಗೆ ತರುವ ಕಾನೂನು 1956ರಲ್ಲಿಯೇ ಆಯಿತಾದರೂ ನಮ್ಮ ಪಹಣಿಗಳಲ್ಲಿ ಇಂದಿಗೂ ಎಕರೆ, ಗುಂಟೆಗಳೇ ನಡೆದಿವೆ. ಲೆಕ್ಕ ಮಾಡುವವರಿಗೆ ಇದರಿಂದ ಒಂದು ಅನುಕೂಲವುಂಟು: ಉದ್ದ ಅಗಲಗಳನ್ನು ಸರಪಳಿಯಲ್ಲಿ ಅಳೆದು ಗುಣಿಸಿದರೆ ಉತ್ತರವು ನೇರವಾಗಿ ಗುಂಟೆಯಲ್ಲಿ ಬರುವುದು.

ಈಗ ಒಂದು ಎಕರೆ ನೆಲವನ್ನು ತೆಗೆದುಕೊಳ್ಳೋಣ. ಪಹಣಿಯಲ್ಲಿ ‘ಒಂದು ಎಕರೆ’ ಎಂದಿರುವುದೇ ಹೊರತು ಅದರ ಆಕಾರವನ್ನು ಹೇಳಿರುವುದಿಲ್ಲ. ಹೊಲವು 8 ಸರಪಳಿ ಉದ್ದ, 5 ಸರಪಳಿ ಅಗಲವಾಗಿದ್ದರೆ 40 ಗುಂಟೆ ಸರಿಹೋಯಿತು. ಸುತ್ತಳತೆ 26 ಸರಪಳಿ, ಎಂದರೆ 858 ಅಡಿ. ಹೊಲವು 10 ಸರಪಳಿ ಉದ್ದ, 4 ಸರಪಳಿ ಅಗಲವಾಗಿದ್ದರೂ 40 ಗುಂಟೆಯೇ; ಸುತ್ತಳತೆ ಮಾತ್ರ 28 ಸರಪಳಿಯಾಯಿತು. 20 ಸರಪಳಿ ಉದ್ದ, 2 ಸರಪಳಿ ಅಗಲವೆನ್ನಿ. ಸುತ್ತಳತೆ 44 ಸರಪಳಿ. ಕೊನೆಗೆ ಒಂದೇ ಸರಪಳಿ ಅಗಲದ, 40 ಸರಪಳಿ ಉದ್ದದ ಪಟ್ಟಿಯಾದರೆ ಸುತ್ತಳತೆ 82 ಸರಪಳಿ, ಅಂದರೆ 2706 ಅಡಿ. ನೆಲ ಒಂದು ಗುಂಟೆಯೂ ಹೆಚ್ಚಲಿಲ್ಲ; ಬೇಲಿ ಹಾಕುವವನ ಖರ್ಚು ಮಾತ್ರ ಮೂರು ಪಾಲಿಗಿಂತ ಹೆಚ್ಚಾಯಿತು.

ಇದನ್ನೇ ತಿರುಗಿಸಿ ನೋಡಿದರೆ ಮೋಸಕ್ಕೆ ದಾರಿ ಕಾಣುವುದು. ಸುತ್ತಳತೆಯನ್ನು 52 ಸರಪಳಿಯಲ್ಲಿಯೇ ನಿಲ್ಲಿಸೋಣ. 16ಕ್ಕೆ 10 ಸರಪಳಿಯ ಹೊಲವು 160 ಗುಂಟೆ, ಎಂದರೆ ಸರಿಯಾಗಿ 4 ಎಕರೆ. 21ಕ್ಕೆ 5 ಸರಪಳಿಯ ಹೊಲವು 105 ಗುಂಟೆ ಮಾತ್ರ. 25ಕ್ಕೆ 1 ಸರಪಳಿಯ ಪಟ್ಟಿಯಂತೂ 25 ಗುಂಟೆ. ಅದು ಒಂದು ಎಕರೆಯೂ ಆಗದು. ಮೂರನ್ನೂ ಬದುವಿನ ಮೇಲೆ ಸುತ್ತಿ ಬಂದವನಿಗೆ ಕಾಲು ನೋವು ಒಂದೇ ಸಮನಾಗಿರುವುದು! ಐದನೆಯ ಶತಮಾನದಲ್ಲಿದ್ದ ಪ್ರೋಕ್ಲಸ್ ಎಂಬ ಗ್ರೀಕ್ ವಿದ್ವಾಂಸನು ಯೂಕ್ಲಿಡ್‌ನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಇಂಥವರ ಸಂಗತಿಯನ್ನು ಹೇಳಿದ್ದಾನೆ. ಭೂಮಿಯನ್ನು ಹಂಚಿಕೊಳ್ಳುವಾಗ ಕೆಲವರು ಸುತ್ತಳತೆ ಹೆಚ್ಚಾಗಿರುವ ಪಾಲನ್ನು ಜೊತೆಗಾರರಿಗೆ ಬಿಟ್ಟುಕೊಟ್ಟು, ಸುತ್ತಳತೆ ಕಡಿಮೆಯಾಗಿದ್ದರೂ ವಿಸ್ತೀರ್ಣ ಹೆಚ್ಚಾಗಿರುವ ಪಾಲನ್ನು ತಾವು ಇಟ್ಟುಕೊಳ್ಳುತ್ತಿದ್ದರಂತೆ. ಅಷ್ಟೇ ಅಲ್ಲದೆ ಪ್ರಾಮಾಣಿಕರೆಂಬ ಹೆಸರನ್ನೂ ಪಡೆಯುತ್ತಿದ್ದರಂತೆ.

ಇದಕ್ಕೆ ಕಾರಣವನ್ನು ನೀವು ಬೀಜಗಣಿತದಲ್ಲಿ ಕಲಿತ ಒಂದು ನಿತ್ಯಸಮೀಕರಣವೇ ತಿಳಿಸುವುದು. ಉದ್ದವನ್ನು ‘ಉ’ ಎಂದೂ ಅಗಲವನ್ನು ‘ಅ’ ಎಂದೂ ಕರೆಯೋಣ.

(ಉ + ಅ)² − (ಉ − ಅ)² = 4 × ಉ × ಅ

ಬಲಗಡೆಯಲ್ಲಿರುವುದು ವಿಸ್ತೀರ್ಣದ ನಾಲ್ಕರಷ್ಟು. ಸುತ್ತಳತೆ ಬದಲಾಗದಿದ್ದರೆ ಅದರ ಅರ್ಧವಾದ (ಉ + ಅ) ಕೂಡ ಬದಲಾಗದು. ಹಾಗಾದರೆ ವಿಸ್ತೀರ್ಣವು ಏರುವುದೂ ಇಳಿಯುವುದೂ (ಉ − ಅ) ಒಂದನ್ನೇ ಅವಲಂಬಿಸಿದೆ. ಉದ್ದಕ್ಕೂ ಅಗಲಕ್ಕೂ ಇರುವ ಅಂತರವು ಬೆಳೆದಷ್ಟೂ ಕಳೆಯಬೇಕಾದುದು ಬೆಳೆಯುವುದು, ವಿಸ್ತೀರ್ಣವು ಕುಗ್ಗುವುದು. ಅಂತರವು ಸೊನ್ನೆಯಾದಾಗ ಆಯತವು ಚೌಕವಾಗುವುದು. ಆಗ ಕಳೆಯಬೇಕಾದುದು ಏನೂ ಇಲ್ಲ. 52 ಸರಪಳಿಯ ಬೇಲಿಯೊಳಗೆ ಹೆಚ್ಚೆಂದರೆ 13ಕ್ಕೆ 13, ಎಂದರೆ 169 ಗುಂಟೆಯ ಆಯತವು ಹಿಡಿಸುವುದು. ಅದಕ್ಕಿಂತ ಒಂದಾಣೆಯಷ್ಟೂ ಹೆಚ್ಚು ಹಿಡಿಸದು.

ಈ ಬಗೆಯ ಪ್ರಶ್ನೆಗಳು ನಮ್ಮ ನಾಡಿಗೆ ಹೊಸವಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಎರಡು ಆಯತಗಳನ್ನು ಜೊತೆಯಾಗಿಟ್ಟು ಕೇಳುವ ಲೆಕ್ಕಗಳಿವೆ: ಸುತ್ತಳತೆಗಳು ಸಮನಾಗಿದ್ದು ಒಂದರ ವಿಸ್ತೀರ್ಣವು ಇನ್ನೊಂದರ ಎರಡರಷ್ಟಿರಬೇಕು, ಅಥವಾ ವಿಸ್ತೀರ್ಣಗಳು ಸಮನಾಗಿದ್ದು ಒಂದರ ಸುತ್ತಳತೆಯು ಎರಡರಷ್ಟಿರಬೇಕು, ಹಾಗಿದ್ದರೆ ಭುಜಗಳೆಷ್ಟು? ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕವನ್ನು ತನ್ನ ನುಡಿಯಲ್ಲಿ ಕಲಿಯುವ ಅನುಕೂಲವು ಕನ್ನಡಿಗನಿಗೆ ಎಂಟು ನೂರು ವರ್ಷಗಳಿಗೂ ಹಿಂದೆಯೇ ಒದಗಿತ್ತು.

ಇನ್ನು ಹೊಲಕ್ಕೆ ಮರಳೋಣ. 16ಕ್ಕೆ 10 ಸರಪಳಿಯ ಆ 4 ಎಕರೆ ಹೊಲವನ್ನು ನಾಲ್ವರು ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಬೇಕಾಗಿದೆ ಎನ್ನೋಣ. ಒಬ್ಬೊಬ್ಬನಿಗೂ ಒಂದೊಂದು ಎಕರೆ. ಊರ ಹಿರಿಯರು ಬಂದು ಹೊಲವನ್ನು ಉದ್ದಕ್ಕೆ ನಾಲ್ಕು ಪಟ್ಟಿಗಳಾಗಿ ಸೀಳುವರು. ಪ್ರತಿಯೊಂದು ಪಟ್ಟಿಯೂ 16 ಸರಪಳಿ ಉದ್ದ, ಎರಡೂವರೆ ಸರಪಳಿ ಅಗಲ. ನಡುವೆ ಹಾಕಬೇಕಾದ ಹೊಸ ಬದುಗಳು ಮೂರು. ಅವುಗಳ ಒಟ್ಟು ಉದ್ದ 48 ಸರಪಳಿ. ಇದಕ್ಕೆ ಬದಲಾಗಿ ಹೊಲದ ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಬದುವನ್ನು ಹಾಕಿ, 8ಕ್ಕೆ 5 ಸರಪಳಿಯ ನಾಲ್ಕು ತುಂಡುಗಳಾಗಿ ಮಾಡಿದ್ದರೆ ಹೊಸ ಬದು 26 ಸರಪಳಿ ಸಾಕಾಗಿತ್ತು. ಬದುವಿನ ಅಗಲ 3 ಅಡಿ ಎಂದರೆ, ಮಿಗಿಲಾದ 22 ಸರಪಳಿ ಬದುವು ನುಂಗುವ ನೆಲ 22 × 33 × 3, ಎಂದರೆ 2178 ಚದರಡಿ; ಸರಿಯಾಗಿ ಎರಡು ಗುಂಟೆ. ಭಾಗವಾದ ವರ್ಷದಿಂದ ಮುಂದಕ್ಕೆ, ಪ್ರತಿ ವರ್ಷವೂ ಎರಡು ಗುಂಟೆಯ ರಾಗಿಯು ಹುಲ್ಲಿನ ಪಾಲಾಯಿತು.

ಹಾಗಾದರೆ ಊರ ಹಿರಿಯರಿಗೆ ಲೆಕ್ಕ ಬಾರದೆಂದು ಹೇಳೋಣವೇ? ಅವಸರ ಬೇಡ. ಕೋಲಾರದ ಕಡೆಯ ನೆಲವು ಹಲಗೆಯಂತೆ ಸಮನಾದುದಲ್ಲ. ಹೊಲದ ಮೇಲಿನ ತುದಿಯಲ್ಲಿ ರಸ್ತೆಯಿದೆ; ಅಲ್ಲಿಯದು ಕೆಂಪು ಮರಳುಮಣ್ಣು. ಕೆಳಗಿನ ತುದಿಯು ಕೆರೆಯ ಅಚ್ಚುಕಟ್ಟಿಗೆ ತಾಗಿದ ಕಪ್ಪು ಮೆತುಮಣ್ಣು. ನಾಲ್ಕು ತುಂಡುಗಳಾಗಿ ಮಾಡಿದರೆ ಮೇಲಿನ ಇಬ್ಬರಿಗೆ ನೀರಿಲ್ಲ, ಕೆಳಗಿನ ಇಬ್ಬರಿಗೆ ದಾರಿಯಿಲ್ಲ. ಉದ್ದ ಪಟ್ಟಿಗಳಾದರೆ ಪ್ರತಿಯೊಬ್ಬನಿಗೂ ರಸ್ತೆಯೂ ಉಂಟು, ಒಣಭೂಮಿಯೂ ಉಂಟು, ನೀರಿನ ಅಂಚೂ ಉಂಟು. ಕೆಳಗಿನವರಿಗೆ ನಡುವೆ 11 ಅಡಿ ಅಗಲದ ಬಂಡಿದಾರಿಯನ್ನು ಬಿಟ್ಟರಾಯಿತಲ್ಲ ಎನ್ನುವಿರೋ? ಅದನ್ನೂ ಲೆಕ್ಕ ಮಾಡಿ ನೋಡಿ. ದಾರಿಯ ಉದ್ದ 8 ಸರಪಳಿ, ಎಂದರೆ 264 ಅಡಿ. ವಿಸ್ತೀರ್ಣ 2904 ಚದರಡಿ. ಅಷ್ಟು ದೂರಕ್ಕೆ ಬದು ಬೇಕಾಗುವುದಿಲ್ಲವಾದ್ದರಿಂದ 792 ಚದರಡಿಯನ್ನು ಕಳೆಯಿರಿ. ಮಿಕ್ಕುದು 2112. ಉಳಿಸಿದ 2178ರಲ್ಲಿ ಇದನ್ನು ಕಳೆದರೆ, ಬದುಗಳು ಕೂಡುವ ಮೂಲೆಯ ಚಿಲ್ಲರೆ ಲೆಕ್ಕವನ್ನು ಬಿಟ್ಟು, ಲಾಭವು 66 ಚದರಡಿ! ಒಂದು ಸಣ್ಣ ಕೋಣೆಯಷ್ಟೂ ಇಲ್ಲ. ಹಿರಿಯರು ಸುತ್ತಳತೆಯ ಲೆಕ್ಕವನ್ನು ಮಾಡಿರಲಿಕ್ಕಿಲ್ಲ. ಆದರೆ ಅವರು ಮಾಡಿದ ಲೆಕ್ಕವು ನಮ್ಮದಕ್ಕಿಂತ ದೊಡ್ಡದಾಗಿತ್ತು.

ಅದು ಒಂದು ತಲೆಮಾರಿನ ಮಾತಾಯಿತು. ಎರಡೂವರೆ ಸರಪಳಿ ಅಗಲದ ಪಟ್ಟಿಯು ಮತ್ತೆ ಇಬ್ಬರು ಮಕ್ಕಳಿಗೆ ಉದ್ದಕ್ಕೆ ಹರಿದು ಹಂಚಿಹೋದರೆ ಅಗಲವು 41 ಅಡಿ 3 ಅಂಗುಲಕ್ಕೆ ಇಳಿಯುವುದು. ಅರ್ಧ ಎಕರೆಗೆ ಸುತ್ತಳತೆ ಮೂವತ್ತನಾಲ್ಕೂವರೆ ಸರಪಳಿ. 8ಕ್ಕೆ 5ರ ಪೂರ್ತಿ ಒಂದು ಎಕರೆಗೆ ಬೇಕಾದುದಕ್ಕಿಂತ ಎಂಟೂವರೆ ಸರಪಳಿ ಹೆಚ್ಚು. ಇಷ್ಟು ಕಿರಿದಾದ ನೆಲದಲ್ಲಿ ನೇಗಿಲು ಅಡ್ಡಡ್ಡ ತಿರುಗಲಾರದು. ಬೇಲಿ ಹಾಕುವವನಂತೂ ಮೊದಲೇ ಕೈಚೆಲ್ಲುವನು.

ಬೇಲಿಯ ಮಾತು ಬಂದಿತು. ನಮ್ಮ ಜಿಲ್ಲೆಯಲ್ಲಿ ಬಂಡೆಗೆ ಬರವಿಲ್ಲವಾದುದರಿಂದ ಹೊಲದ ಸುತ್ತ ಕಲ್ಲುಕೂಚಗಳನ್ನು ನೆಟ್ಟು ಮುಳ್ಳುತಂತಿ ಎಳೆಯುವರು. 8ಕ್ಕೆ 5 ಸರಪಳಿಯ ಹೊಲಕ್ಕೆ 11 ಅಡಿಗೊಂದರಂತೆ ಎಷ್ಟು ಕೂಚಗಳು ಬೇಕು? 264 ಅಡಿಯ ಬದಿಯಲ್ಲಿ 24 ಅಂತರಗಳು, ಆದುದರಿಂದ 25 ಕೂಚ. 165 ಅಡಿಯ ಬದಿಯಲ್ಲಿ 15 ಅಂತರಗಳು, 16 ಕೂಚ. ಒಟ್ಟು 82 ಎಂದು ಲೆಕ್ಕ ಹಾಕುವವರೇ ಹೆಚ್ಚು. ಇದು ತಪ್ಪು. ನಾಲ್ಕು ಮೂಲೆಯ ಕೂಚಗಳನ್ನು ಎರಡೆರಡು ಸಲ ಎಣಿಸಿದಂತಾಯಿತು. ಹೋದಲ್ಲಿಗೇ ಮರಳಿ ಬಂದು ಸೇರುವ ಸಾಲಿನಲ್ಲಿ ಅಂತರಗಳೆಷ್ಟೋ ಕೂಚಗಳೂ ಅಷ್ಟೇ. 858ನ್ನು 11ರಿಂದ ಭಾಗಿಸಿದರೆ 78. ಮೂರು ಸಾಲು ತಂತಿಗೆ 2574 ಅಡಿ; ಬಂಡಿ ಬರಲು ಒಂದು ಅಂತರವನ್ನು ತೆರೆದಿಟ್ಟರೆ 33 ಅಡಿ ಕಡಿಮೆ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವುಂಟು. ಹಳೆಯ ಪದ್ಧತಿಯ ತೋಪುಗಳಲ್ಲಿ ಮಾವಿನ ಗಿಡಗಳನ್ನು ಸುಮಾರು 10 ಮೀಟರ್, ಎಂದರೆ ಹೆಚ್ಚುಕಡಿಮೆ 33 ಅಡಿ ಅಂತರದಲ್ಲಿ ನೆಡುವರು. ಅಲ್ಲಿಗೆ ಗುಂಟೆಗೊಂದು ಮರ, ಎಕರೆಗೆ 40. ತೋಪು 8ಕ್ಕೆ 5ರದಾದರೆ ಅಂಚಿನಲ್ಲಿ ನಿಲ್ಲುವ ಮರಗಳು 22, ಒಳಗಿನವು 18. ತೋಪು 20ಕ್ಕೆ 2ರದಾದರೆ ನಲವತ್ತೂ ಅಂಚಿನ ಮರಗಳೇ. ಕಾಯಿ ಬಲಿಯುವ ಕಾಲದಲ್ಲಿ ರಾತ್ರಿ ಕಾವಲು ಮಲಗುವವನನ್ನು ಕೇಳಿದರೆ ಈ ಎರಡು ತೋಪುಗಳ ವ್ಯತ್ಯಾಸವನ್ನು ಅವನು ಸೂತ್ರವಿಲ್ಲದೆಯೇ ಹೇಳಿಬಿಡುವನು. ಬೇಲಿಯಾಚೆಯಿಂದ ಕೈಗೆ ಎಟುಕದ ಮರವೇ ಇಲ್ಲದ ತೋಪನ್ನು ಕಾಯುವುದು ಹೇಗೆ!

ಮಾಲೂರು ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಊರು. ಇಟ್ಟಿಗೆಯ ಲೆಕ್ಕದಲ್ಲಿಯೂ ಸುತ್ತಳತೆಯು ಕಾಲು ತೊಡರುವುದುಂಟು. ಹೊರಗಿನಿಂದ ಅಳೆದರೆ 30 ಅಡಿ ಉದ್ದ, 20 ಅಡಿ ಅಗಲವಾಗಿರುವ ಒಂದು ಕೋಣೆಗೆ ಒಂದು ಅಡಿ ದಪ್ಪದ ಗೋಡೆಯನ್ನು ಕಟ್ಟಬೇಕು. ಹೊರಗಿನ ಸುತ್ತಳತೆ 100 ಅಡಿ. ಒಳಗಿನದು 28ಕ್ಕೆ 18, ಸುತ್ತಳತೆ 92. ಇಟ್ಟಿಗೆಯನ್ನು ಯಾವ ಅಳತೆಗೆ ತರಿಸಬೇಕು? ಹೊರಗಿನದಕ್ಕೆ ತರಿಸಿದರೆ ಮೂಲೆಗಳಲ್ಲಿ ಎರಡು ಸಲ ಎಣಿಸಿದಂತಾಗಿ ಇಟ್ಟಿಗೆ ಮಿಗುವುದು; ಒಳಗಿನದಕ್ಕೆ ತರಿಸಿದರೆ ಮೂಲೆಗಳು ಬಾಯಿಬಿಡುವುವು. ಗೋಡೆಯು ಕೂರುವ ನೆಲವನ್ನು ಅಳೆದರೆ ನಿಜವು ತಿಳಿಯುವುದು: 600 ಚದರಡಿಯಲ್ಲಿ 504ನ್ನು ಕಳೆದರೆ 96. ಗೋಡೆಯ ದಪ್ಪ ಒಂದಡಿಯಾದುದರಿಂದ ಅದರ ಉದ್ದ 96 ಅಡಿ. ಇದು ಗೋಡೆಯ ನಟ್ಟನಡುವೆ ಎಳೆದ ದಾರದ ಸುತ್ತಳತೆ. ಪಾಯ ತೋಡುವ ಮೇಸ್ತ್ರಿಯು ದಾರವನ್ನು ನಡುವೆ ಹಿಡಿಯುವುದು ಸುಮ್ಮನೆ ಅಲ್ಲ.

ದೇವಾಲಯಕ್ಕೆ ಹೋದಾಗಲೂ ನೀವು ಸುತ್ತಳತೆಯನ್ನು ಕಾಲಿನಿಂದ ಅಳೆಯುತ್ತೀರಿ. ಕೋಲಾರದಲ್ಲಿ ವಿಜಯನಗರದ ಕಾಲದ ಸೋಮೇಶ್ವರ ದೇವಾಲಯವಿದೆ, ವಿಶಾಲವಾದ ಪ್ರಾಕಾರವುಳ್ಳದ್ದು. ನಿಮ್ಮ ಅಜ್ಜಿಯವರು ಗೋಡೆಯ ಮಗ್ಗುಲಲ್ಲಿಯೇ ಪ್ರದಕ್ಷಿಣೆ ಬರುತ್ತಿದ್ದಾರೆ; ನೀವು ಅವರಿಂದ 3 ಅಡಿ ಹೊರಗೆ, ಅದೇ ಆಯತದ ರೀತಿಯಲ್ಲಿ ಸುತ್ತುತ್ತಿದ್ದೀರಿ ಎನ್ನಿ. ನೀವು ಎಷ್ಟು ಹೆಚ್ಚು ನಡೆದಂತಾಯಿತು? ನಿಮ್ಮ ಆಯತದ ಉದ್ದವೂ ಅಗಲವೂ 6 ಅಡಿ ಹೆಚ್ಚು. ಹಾಗಾಗಿ ಸುತ್ತಿಗೆ 24 ಅಡಿ ಹೆಚ್ಚು. ಈಗ ಅದೇ ಪ್ರಶ್ನೆಯನ್ನು ಹೊಲದಂಚಿನ ಒಂದು ಪುಟ್ಟ ಮುನೇಶ್ವರನ ಗುಡಿಯ ಬಗ್ಗೆ ಕೇಳಿಕೊಳ್ಳಿರಿ. ಅಲ್ಲಿಯೂ 24 ಅಡಿಯೇ! ದೇವಾಲಯದ ಉದ್ದಗಲಗಳು ಲೆಕ್ಕದೊಳಗೆ ಬರುವುದೇ ಇಲ್ಲ. ಮೊದಲ ಸಲ ಕೇಳಿದವರು ಇದನ್ನು ನಂಬುವುದು ಕಷ್ಟ. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅಳೆದು ನೋಡಬಹುದು.

ಇಷ್ಟು ಹೊತ್ತು ಹೊಲವು ಆಯತವೇ ಎಂದು ಹಿಡಿದು ಬಂದೆವು. ಅದು ನಿಜವಾಗಿಯೂ ಆಯತವೆಂದು ತಿಳಿಯುವುದು ಹೇಗೆ? ಎದುರುಬದುರಿನ ಬದಿಗಳು ಸಮನಾಗಿದ್ದ ಮಾತ್ರಕ್ಕೆ ಸಾಲದು. ಬಾಗಿಲ ಚೌಕಟ್ಟನ್ನು ಒಂದು ಮಗ್ಗುಲಿಗೆ ನೂಕಿದರೆ ಅದು ವಾಲುವುದು. ನಾಲ್ಕು ಮರದ ತುಂಡುಗಳ ಉದ್ದ ಬದಲಾಗದು, ಸುತ್ತಳತೆ ಬದಲಾಗದು, ಒಳಗಿನ ಜಾಗ ಮಾತ್ರ ಕಿರಿದಾಗುವುದು. 8ಕ್ಕೆ 5 ಸರಪಳಿಯ ಹೊಲವು ಹೀಗೆ ವಾಲಿ, ಮೂಲೆಯ ಕೋನವು 90ರ ಬದಲು 60 ಅಂಶವಾದರೆ ವಿಸ್ತೀರ್ಣವು 40 ಗುಂಟೆಯಿಂದ ಮೂವತ್ತನಾಲ್ಕೂವರೆಗೆ ಇಳಿಯುವುದು. ನಾಲ್ಕು ಬದಿಗಳನ್ನು ಮಾತ್ರ ಅಳೆದು ಕ್ರಯಕ್ಕೆ ಕೊಂಡವನು ಐದೂವರೆ ಗುಂಟೆಯ ಹಣವನ್ನು ಗಾಳಿಗೆ ಕೊಟ್ಟಂತೆ.

ಇದನ್ನು ಬಲ್ಲ ಭೂಮಾಪಕನು ಹದ್ದುಬಸ್ತಿಗೆ ಬಂದಾಗ ಬದುವಿನ ಸುತ್ತ ಸರಪಳಿ ಹಿಡಿದು ತಿರುಗಿ ಹೊರಟುಹೋಗುವುದಿಲ್ಲ. ಹೊಲದ ಒಂದು ಮೂಲೆಯಿಂದ ಎದುರು ಮೂಲೆಗೆ ಗೆರೆ ಹಿಡಿಯುವನು. ಬಾಗಿದ ಬದುಗಳಿದ್ದರೆ ಆ ಗೆರೆಯಿಂದ ಲಂಬಗಳನ್ನು ಎಳೆದು ನೆಲವನ್ನು ತ್ರಿಭುಜಗಳಾಗಿಯೂ ತ್ರಾಪಿಜ್ಯಗಳಾಗಿಯೂ ಒಡೆದುಕೊಳ್ಳುವನು. ಇಂದು ಉಪಗ್ರಹದ ಸಂಕೇತವನ್ನು ಹಿಡಿಯುವ ಉಪಕರಣಗಳು ಬಂದಿವೆ. ಮೂಲೆಯ ಕಲ್ಲನ್ನು ಹುಡುಕುವ ಕೆಲಸ ಮಾತ್ರ ತಪ್ಪಿಲ್ಲ. ನಿಮ್ಮ ಮನೆಯ ಹೊಲವೋ ಹಿತ್ತಿಲೋ ಆಯತವೆಂದು ನಿಮಗೆ ತೋರಿದರೆ, ನಾಲ್ಕು ಬದಿಗಳನ್ನು ಅಳೆದು ಬರೆದುಕೊಂಡ ಮೇಲೆ ಎರಡು ಕರ್ಣಗಳನ್ನೂ ಅಳೆಯಿರಿ. 8ಕ್ಕೆ 5 ಸರಪಳಿಯ ಹೊಲದಲ್ಲಿ ಪೈಥಾಗೊರಸನ ಪ್ರಮೇಯದಂತೆ ಕರ್ಣದ ವರ್ಗವು 64 ಮತ್ತು 25ರ ಮೊತ್ತ, ಎಂದರೆ 89. ಕರ್ಣವು 9 ಸರಪಳಿ 7 ಆಣೆಗೆ ತುಸು ಕಡಿಮೆ, ಅಡಿಯಲ್ಲಿ ಸುಮಾರು 311. ಎರಡು ಕರ್ಣಗಳೂ ಇಷ್ಟೇ ಬಂದರೆ ಮೂಲೆಗಳು ಲಂಬವಾಗಿವೆ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಹೊಲವು ವಾಲಿದೆಯೆಂದು ತಿಳಿದು, ಪಹಣಿಯಲ್ಲಿ ಬರೆದ ಗುಂಟೆಗಳೊಡನೆ ನಿಮ್ಮ ಲೆಕ್ಕವನ್ನು ಹೋಲಿಸಿ ನೋಡಬೇಕು.